ನಡುಬದುವಿನ ಹುಲ್ಲು

…ಹೂಂ, ಕರಿ, ಹಾಲು ಕರಿ. ಈ ಚಿನ್ನಕ್ಕ ಕೊಟ್ಟಿಗೆ ಬಾಗ್ಲಾಗೆ ನಿಂತು ಬಾಯಿ ಬಡ್ಕಂತಿರ್ಲಿ, ನೀನು ಎಮ್ಮೆ ಕೆಚ್ಚಲು ನೋಡ್ಕಂಡು ಕೂತ್ಕ. ಎರಡು ತಿಂಗಳಾಯ್ತು ನಾಗರತ್ನ, ಬೋರಿನ ನೀರಿನ ಸರದಿಗೆ ಒಂದು ಮಾತು ಬಂತು ಅಂತ ನೀನು ಬಾಯಿಗೆ ಬೀಗ ಹಾಕ್ಕಂಡೆ. ನಾನೇನು ನಿನ್ನ ವಾರಗಿತ್ತೀನೋ, ಈ ಗೂಟಾನೋ?

ನಿನ್ನೆ ನಿಮ್ಮ ಶೇಂಗಾ ಹೊಟ್ಟಿನ ಬಣವೆ ಸುಟ್ಟು ಬೂದಿ ಆಯ್ತು. ನನಗೇನು ಅದು ಖುಷಿಯಾ? ಮೈದುನ ಅಂಜಿನೇಯ ತಲೆ ಮೇಲೆ ಕೈ ಹೊತ್ತು ಕೂತಿದ್ದು ನೋಡಿ ರಾತ್ರಿ ಅನ್ನ ಇಳೀಲಿಲ್ಲ. ಆದ್ರೆ ತಪ್ಪು ಯಾರ್ದು? ಬೇಸಿಗೆಗೆ ಮುಂಚೆ ಬದು ಬೋಳು ಮಾಡ್ಬೇಕು ಅಂತ ಅತ್ತೆ ಇಬ್ರಿಗೂ ಕಲಿಸಿದ್ರಲ್ಲ. ನಮ್ಮೆರಡು ಹೊಲದ ನಡುಬದುವಿನಾಗೆ ನನ್ನ ಅರ್ಧ ನಾನು ಬುಡಮಟ್ಟ ಕೊಯ್ದೆ. ನೀನು ನಿನ್ನ ಅರ್ಧ ಹಂಗೇ ಬಿಟ್ಟೆ.

ಯಾಕೆ ತಲೆ ಆಡಿಸ್ತೀಯ? ಕೊಯ್ದಿದ್ಯಾ? …ಸರಿ, ನೀನೂ ಕೊಯ್ದಿದ್ದೆ. ನೋಡೀನಿ. ಕೊಯ್ದು, ಒಬ್ಳೇ ಹೊತ್ತು, ಉತ್ತ ಹೊಲದಾಗೆ ಹಾಕಿ, ಗಾಳಿ ಏಳೋ ಮುಂಚೆ ಸುಟ್ಟೆ. ಪ್ರತಿ ವರ್ಷ ನಾನು ಕೊಯ್ಯೋದು, ನೀನು ಹೊರೆ ಕಟ್ಟೋದು, ಇಬ್ರೂ ಹೊರೋದು. ಈ ಸಲ ಒಬ್ಳೇ ಮಾಡಿ ತೋರಿಸ್ದೆ. ಅಷ್ಟು ಸೊಕ್ಕು.

ಅದಿರ್ಲಿ. ಪಂಚಾಯ್ತಿಯವರು ನಷ್ಟ ಬರ್ಕಳಕ್ಕೆ ಬಂದಾಗ ನೀನು ಏನಂದೆ? ದಾರೀಲಿ ಹೋಗೋನು ಯಾರೋ ಬೀಡಿ ಎಸೆದ, ಸರಿ. ಬಣವೆ ಬುಡಕ್ಕೆ ಒಣಹುಲ್ಲು ಯಾರು ಹಾಕಿದ್ದು ಅಂತ ಕೇಳಿದ್ರೆ ಗೊತ್ತಿಲ್ಲ ಅಂದ್ಯಂತೆ. ಗೊತ್ತಿಲ್ವಾ? ನಿನ್ನ ಹೊಲದಾಗೆ ಮೂರು ಹೊರೆ ಹುಲ್ಲು ಬಿದ್ದಿರೋದು ನಿನಗೇ ಗೊತ್ತಿಲ್ವಾ?

ಏನು ಹಂಗೆ ನೋಡ್ತೀಯ? ಮೂರು ಹೊರೆ ಅಂತ ನನಗೆ… ಪಕ್ಕದ ಮನೆ ಗಂಗಲಕ್ಷ್ಮಿ ಹೇಳಿದ್ಲು. ಹೌದು, ಅವಳು ಹೋದ ತಿಂಗಳೇ ಮೊಳಕಾಲ್ಮೂರಿಗೆ ಹೋದ್ಲು, ಗೊತ್ತು. ಬೇರೆ ಯಾರೋ ಹೇಳಿದ್ರು. ಊರಾಗೆ ಬಾಯಿಗೇನು ಬರ?

ನೋಡ್ಬ್ಯಾಡ ಹಂಗೆ. ಕಣ್ಣು ಇಳಿಸೇ.

…ನೀನು ನೋಡಿದ್ಯಾ? ಅವತ್ತು ನಾನು ಬಂದಾಗ ಬಣವೆ ಹಿಂದೆ ನೀನಿದ್ಯಾ?

ಅಯ್ಯೋ. ನೋಡಿದೋಳು ಕೂಗಬಾರ್ದಿತ್ತಾ? ಯಾವಳೇ ನೀನು, ನಮ್ಮ ಹೊಲಕ್ಕೆ ಕಸ ಎಸೀತೀಯಾ ಅಂತ ಕೇಳಬಾರ್ದಿತ್ತಾ? ಹನ್ನೊಂದು ದಿನ ಬಿದ್ದಿತ್ತು ಕಣೇ ನನ್ನ ಅರ್ಧದ ಹುಲ್ಲು. ನೀನು ಮುಟ್ಟಲಿಲ್ಲ, ಬೈಲಿಲ್ಲ, ನಿನ್ನ ಗಂಡಂಗೂ ಹೇಳ್ಲಿಲ್ಲ. ನಾನೇ ಬಂದು ಎತ್ಕಂಡು ಹೋಗ್ತೀನಿ ಅಂತ ಕಾದ್ಯಾ? ನಾನೂ ಕಾದೆ. ದಿನಾ ಬದು ಹತ್ರ ಬಂದು ನಿಂತೆ. ನೀನು ಬೈತೀಯ, ನಾನು ತಿರುಗಿ ಬೈತೀನಿ, ಒಂದು ಜಗಳ ಆಗುತ್ತೆ, ಜಗಳ ಆದ್ರೆ ಮಾತು ಬಂದಂಗೇ ಅಂತ… ಅದಕ್ಕೇ ಎಸೆದಿದ್ದು. ಹೊರೆ ಹೊರಕ್ಕಾಗದೆ ಎಸೀಲಿಲ್ಲ ಕಣೇ. ನಿನ್ನ ಬಾಯಿ ಬಿಡಿಸಕ್ಕೆ ಎಸೆದೆ.

ನಿನ್ನ ಮೇಲೆ ಸಿಟ್ಟು ಅಂತ ಬಂದೆ. ಯಾರ ಮೇಲಿನ ಸಿಟ್ಟೋ.

ಆ ಹಗ್ಗ ಯಾಕೆ ಬಿಚ್ತೀಯ? ಚಳ್ಳಕೆರೆ ದನದ ವ್ಯಾಪಾರಿ ಇವತ್ತೇ ಬರ್ತಾನಾ? ಎಮ್ಮೆ ಕೊಡ್ಬ್ಯಾಡ. ಮೇವಿಲ್ಲ ಅಂತ ತಾನೆ? ನಮ್ಮ ಬಣವೆ ಐತೆ, ಅರ್ಧ ನಿಂದು. ನಾನೇ ಹೊತ್ತು ತಂದು ಹಾಕ್ತೀನಿ. ಇವತ್ತೇ ತರ್ತೀನಿ…

ಬ್ಯಾಡ್ವಾ?

ಕೈ ಆಡಿಸ್ಬ್ಯಾಡ ನಾಗರತ್ನ. ಬ್ಯಾಡ ಅಂತಾನಾದ್ರೂ ಬಾಯಿಬಿಟ್ಟು ಹೇಳೇ.