ಲಾರಿಗೆ ಚೀಲ ಹೇರುವವರು

೧೯೮೭ರ ಬೇಸಿಗೆ. ರಾಣೆಬೆನ್ನೂರಿನ ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸಿಸಲು ಬಂದಿದ್ದ ಜಯವ್ವನಿಗೆ, ಮುಂದೆ ನಿಂತ ಇಬ್ಬರು ನೆರೆಯವರ ಮಾತು ಕಿವಿಗೆ ಬೀಳುತ್ತಿತ್ತು.

“ಸರ್ವೇದವ್ರು ಮನೀಗೆ ಬಂದಿದ್ರಲ್ಲ, ಏನ್ ಕೇಳಿದ್ರು ಬಿಬಿಜಾನ್?”

“ಜೋಳ ಹೊಲದಿಂದ ರೊಟ್ಟಿತನಕ ಯಾರ್ಯಾರ ಕೈ ದಾಟತೈತಿ ಅಂತ, ದೇವವ್ವಕ್ಕ.”

“ಏನ್ ಹೇಳಿದಿ?”

“ರೈತ, ದಲಾಲಿ ಅಂಗಡಿ, ಗಿರಣಿ ಅಂದೆ. ಲಾರಿಗೆ ಚೀಲ ಹೇರಾವ್ರು ಯಾರು ಅಂದ್ರು. ನಮ್ಮ ಮನಿಯವ್ರು ಅಂದೆ. ಬರಕೊಂಡ್ರು.”

“ಹ್ವಾದ ತಿಂಗಳ ಅವರ ಮ್ಯಾಲೆ ಚೀಲ ಉರುಳಿ ತೀರಿಕೊಂಡಿದ್ದು ಹೇಳಲಿಲ್ಲೇನ?”

“ಅದನ್ನ ಕೇಳಲಿಲ್ಲಕ್ಕ. ಜೋಳದ್ದಷ್ಟ ಕೇಳಿದ್ರು.”

ಜಯವ್ವ ತನ್ನ ಜೋಳದ ಡಬ್ಬಿಯನ್ನು ಕಾಲಬಳಿ ಸರಿಸಿಕೊಂಡಳು. ಅಷ್ಟರಲ್ಲಿ ಗಿರಣಿಯವನು ಕೂಗಿದ. ಬಿಬಿಜಾನ್ ಬಿಸಿ ಹಿಟ್ಟಿನ ಡಬ್ಬಿ ಸೊಂಟಕ್ಕೇರಿಸಿಕೊಂಡು, “ಬರ್ತೇನಕ್ಕ, ರೊಟ್ಟಿ ಬಡೀಬೇಕು” ಎಂದು ಬಿಸಿಲಿಗಿಳಿದಳು.