ಹಿಂದಿನ ಗೋಡೆಯ ಚರಂಡಿ ಮತ್ತು ನಮ್ಮ ಯಾರಮ್ಮ

ನಮ್ಮನ್ನು ಅಗಲಿದ ಅಕ್ಕನ ನೆನಪಿಗೆ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನ ಯಜಮಾನರಿಗೆ, ಮಗಳಿಗೆ — ನಿಮ್ಮ ಮುಖ ನೋಡಿಕೊಂಡು ಮಾತನಾಡುವ ಧೈರ್ಯ ನನಗಿಲ್ಲ. ಆದರೂ ಕಚೇರಿಯವರೆಲ್ಲ ಸೇರಿ ನನ್ನನ್ನೇ ಮುಂದೆ ತಳ್ಳಿದ್ದಾರೆ. ಕುರ್ಚಿ ಸಾಲದೆ ಬಾಗಿಲ ಬಳಿ ನಿಂತಿರುವವರು ದಯವಿಟ್ಟು ಒಳಗೆ ಬನ್ನಿ. ಗೋಡೆಗೆ ಒರಗಿಕೊಳ್ಳಿ, ಪರವಾಗಿಲ್ಲ. ಗಟ್ಟಿಯಾಗಿದೆ. ಅದರ ಲೆಕ್ಕ ಹಾಕಿದ್ದು ನಾನೇ.

ನನ್ನ ಕೆಲಸವೇ ಅದು — ಕಂಬ, ತೊಲೆ, ಗೋಡೆಗಳ ಭಾರದ ಲೆಕ್ಕ. ಅದಕ್ಕೇ ಅಕ್ಕ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನಪ್ಪಾ ಕಂಬ, ಊಟ ಆಯ್ತಾ?" ಎನ್ನುತ್ತಿದ್ದರು. ಅವರ ಮೇಜು ನನ್ನ ಮೇಜಿನ ಎದುರಿಗೇ ಇತ್ತು. ಈಗಲೂ ಇದೆ. ನಕ್ಷೆಗಳ ಸುರುಳಿಗಳು ಹಾಗೆಯೇ ನಿಂತಿವೆ. ಯಾರೂ ಮುಟ್ಟಿಲ್ಲ.

ನಮ್ಮ ಕಚೇರಿಗೆ ಹೊಸದಾಗಿ ಸೇರಿದವರಿಗೆ ಅವರ ಅಡ್ಡಹೆಸರು ಮೊದಲು ಗೊತ್ತಾಗುತ್ತಿತ್ತು, ನಿಜವಾದ ಹೆಸರು ಆಮೇಲೆ. ‘ಯಾರಮ್ಮ’! ಒಮ್ಮೆ ಹೊಸ ಹುಡುಗಿಯೊಬ್ಬಳು ಫೋನ್ ಎತ್ತಿ, "ಯಾರಮ್ಮ?" ಎಂದು ಕೇಳಿದಳಂತೆ. ಆ ಕಡೆಯಿಂದ ಉತ್ತರ: "ಹೌದಮ್ಮ, ನಾನೇ." ಈ ಮಾತು ಹೇಳಿ ಹೇಳಿ ಅಕ್ಕನೇ ನಗುತ್ತಿದ್ದರು.

ಆ ಹೆಸರು ಬಂದ ಕಥೆ ಮಾತ್ರ ನಗುವಂಥದ್ದಲ್ಲ. ಅದನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಅಕ್ಕ ನಮ್ಮ ಕಚೇರಿಗೆ ಬಂದದ್ದು ವ್ಯಾಜ್ಯ ವಿಭಾಗಕ್ಕೆ. ಕಟ್ಟಿಸುವ ನಮಗೂ ಕಟ್ಟುವ ಗುತ್ತಿಗೆದಾರರಿಗೂ ಜಗಳ ಬಿದ್ದಾಗ ನಮ್ಮ ಕಡೆಯ ವಾದ ಸಿದ್ಧಮಾಡುವ ವಿಭಾಗ ಅದು. ಅಕ್ಕ ಕಡತ ಹಿಡಿದು ಕೂತರೆ ಎದುರು ಪಕ್ಷದ ವಕೀಲರು ಮುಂದಿನ ತಾರೀಖು ಕೇಳುತ್ತಿದ್ದರು. ಹೀಗಿರುವಾಗ — ಹೆರಿಗೆ ಆಸ್ಪತ್ರೆಯ ಪ್ರಕರಣ ಬಂತು.

ನಿಮ್ಮಲ್ಲಿ ಬಹಳ ಜನಕ್ಕೆ ಅದು ಗೊತ್ತು. ಊರಂಚಿನಲ್ಲಿ, ಕಿಟಕಿ ಬಾಗಿಲುಗಳಿಲ್ಲದೆ, ತುಕ್ಕುಹಿಡಿದ ಕಬ್ಬಿಣದ ಸರಳುಗಳನ್ನು ಮೇಲಕ್ಕೆ ಚಾಚಿಕೊಂಡು ವರ್ಷಗಟ್ಟಲೆ ನಿಂತಿತ್ತಲ್ಲ, ಅದೇ. ಮಕ್ಕಳು ಅದನ್ನು ದೆವ್ವದ ಆಸ್ಪತ್ರೆ ಎನ್ನುತ್ತಿದ್ದರು. ಅದನ್ನು ಕಟ್ಟುತ್ತಿರುವಾಗಲೇ ಒಂದು ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿದು ನೆಲಮಾಳಿಗೆಗೆ ಕೆಸರು ತುಂಬಿತು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಜಗಳ ಶುರುವಾಯಿತು. ಕಟ್ಟಡದ ನಕ್ಷೆಯಲ್ಲಿ ಹಿಂದಿನ ಗೋಡೆಯುದ್ದಕ್ಕೂ ಚರಂಡಿ ಇತ್ತು. ಜಾಗದ ನಕ್ಷೆಯಲ್ಲಿ ಅದೇ ಸ್ಥಳದಲ್ಲಿ ಹೂದೋಟ ಇತ್ತು. ಇಲ್ಲಿ ಚರಂಡಿ — ಅಲ್ಲಿ ಹೂದೋಟ! ಎರಡನ್ನೂ ಬರೆದವರು ಒಂದೇ ಕಚೇರಿಯವರು — ನಾವೇ. ಇನ್ನು ಗುತ್ತಿಗೆ ಪತ್ರದಲ್ಲಿ ಏನಿತ್ತು? ‘ಹಿಂಬದಿಯ ನೀರು ಹರಿದುಹೋಗಲು ಸೂಕ್ತ ವ್ಯವಸ್ಥೆ ಮಾಡಲಾಗುವುದು.’

ಮಾಡಲಾಗುವುದು. ನಮ್ಮ ಕಾಗದಪತ್ರಗಳ ಭಾಷೆಯೇ ಹಾಗೆ. ಹಾಕಲಾಗುವುದು, ಒದಗಿಸಲಾಗುವುದು, ಸರಿಪಡಿಸಲಾಗುವುದು — ಎಲ್ಲವೂ ತಾನಾಗಿಯೇ ಆಗುತ್ತದೆ, ಮಾಡುವವನು ಮಾತ್ರ ಎಲ್ಲೂ ಕಾಣುವುದಿಲ್ಲ.

ಗುತ್ತಿಗೆದಾರರು, "ಚರಂಡಿ ನಿಮ್ಮ ಕೆಲಸ" ಎಂದರು. ನಾವು, "ನಿಮ್ಮ ಕೆಲಸ" ಎಂದೆವು. ಕೆಲಸ ನಿಂತಿತು. ಪ್ರಕರಣ ನಡೆಯಿತು, ನಡೆಯಿತು, ನಡೆಯುತ್ತಲೇ ಹೋಯಿತು. ಕೊನೆಗೆ ಅಕ್ಕ ಒಂದು ಮೂಲೆಯ ಷರತ್ತು ಹುಡುಕಿ ತೆಗೆದರು — ಎರಡು ನಕ್ಷೆಗಳು ಹೊಂದದಿದ್ದರೆ ಕೆಲಸಕ್ಕೆ ಮುಂಚೆ ಗುತ್ತಿಗೆದಾರನೇ ಲಿಖಿತವಾಗಿ ಕೇಳಬೇಕು ಎಂದು. ಅವರು ಕೇಳಿರಲಿಲ್ಲ. ತೀರ್ಪು ನಮ್ಮ ಪರ ಬಂತು.

ಆ ಗುತ್ತಿಗೆದಾರರು ಇವತ್ತು ಇಲ್ಲೇ, ಕೊನೆಯ ಸಾಲಿನಲ್ಲಿದ್ದಾರೆ. ಏಳಬೇಡಿ ಯಜಮಾನರೇ, ಕೂತಿರಿ. ನಿಮ್ಮನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ.

ತೀರ್ಪಿನ ದಿನ ನಾನೂ ಅಕ್ಕನ ಜೊತೆಗಿದ್ದೆ. ಕೋರ್ಟಿನ ಕೋಣೆಯ ಹೊರಗೆ ಉದ್ದನೆಯ ಓಣಿಯಂಥ ಪಡಸಾಲೆ. ಗೋಡೆಗೆ ಸೇರಿಸಿ ಹಾಕಿದ ಬೆಂಚಿನ ಮೇಲೆ ಈ ಗುತ್ತಿಗೆದಾರರು ಒಬ್ಬರೇ ಕೂತಿದ್ದರು. ಅಕ್ಕ ತಲೆ ತಗ್ಗಿಸಿ ದಾಟಿ ಹೋಗುವಾಗ ಕರೆದರು.

"ತಾಯಿ, ಒಂದ್ನಿಮಿಷ. ಎರಡು ಡ್ರಾಯಿಂಗೂ ಬೇರೆ ಬೇರೆ ಇದಾವೆ ಅಂತ ನಿಮಗೆ ಆಗಲೇ ಗೊತ್ತಿತ್ತಾ?"

"ಇಲ್ಲ ಯಜಮಾನ್ರೇ. ಗೋಡೆ ಬಿದ್ಮೇಲೇ ನೋಡಿದ್ದು."

"ನಾನೂ ಅಷ್ಟೇ." ಎಂದು ಅವರು ಮುಂದುವರಿಸಿದರು, "ಹಂಗಾದ್ರೆ ಗೊತ್ತಿಲ್ದೇ ಇರೋರಿಬ್ರು ಸೇರ್ಕೊಂಡು ಇಷ್ಟು ವರ್ಷ ಹೊಡೆದಾಡಿದ್ವಿ. ಶುರುನಲ್ಲಿ ಒಂದ್ಸಲ ಒಟ್ಟಿಗೆ ಕೂತು ನೋಡಿದ್ರೆ ನಿಮ್ ಗಂಟೇನು ಹೋಗ್ತಿತ್ತು? ನನ್ ಗಂಟೇನು ಹೋಗ್ತಿತ್ತು?"

ಅಕ್ಕ ಹಿಂದಕ್ಕೆ ಬಂದರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತರು. ನಾನು ಕೈಯಲ್ಲಿ ಕಡತ ಹಿಡಿದುಕೊಂಡು ನಿಂತೇ ಇದ್ದೆ. ಕಚೇರಿಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಯಾರ ಮುಖವನ್ನೂ ನೋಡದೆ ಹೋಗಿ, ತಮ್ಮನ್ನು ನಕ್ಷೆ, ಗುತ್ತಿಗೆ ಪತ್ರ ತಯಾರಾಗುವ ನಕ್ಷೆ ವಿಭಾಗಕ್ಕೆ ಹಾಕಬೇಕೆಂದು ದೊಡ್ಡ ಸಾಹೇಬರನ್ನು ಕೇಳಿದರು. ಅಲ್ಲಿಗೆ ಹೋಗುವುದೆಂದರೆ ಎರಡು ಮೆಟ್ಟಿಲು ಕೆಳಗಿಳಿದಂತೆ. ದೊಡ್ಡ ಸಾಹೇಬರು, "ಹುಚ್ಚೇನಮ್ಮಾ ನಿಂಗೆ? ಇಲ್ಲಿ ಗೆಲ್ತಾ ಇದ್ದೀಯ" ಎಂದರು. ಅಕ್ಕ, "ಸರ್, ಗೆದ್ದಿದ್ದು ಸಾಕಾಯ್ತು" ಎಂದರು. ಅಷ್ಟೇ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ! ಯಾವ ಗುತ್ತಿಗೆ ಪತ್ರ ಅವರ ಮೇಜಿಗೆ ಹೋದರೂ ಕೆಂಪು ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಬರೆದು ವಾಪಸ್ಸು ಬರುತ್ತಿತ್ತು. ‘ಮಣ್ಣನ್ನು ಹೊರಗೆ ಸಾಗಿಸಲಾಗುವುದು’ — ಯಾರು? ‘ನೀರನ್ನು ಒದಗಿಸಲಾಗುವುದು’ — ಯಾರು? ‘ಹಾನಿಯಾದಲ್ಲಿ ಸರಿಪಡಿಸತಕ್ಕದ್ದು’ — ಯಾರು? ಹೀಗೆ ಅವರು ಯಾರಮ್ಮ ಆದರು.

ನಕ್ಷೆಗಳ ಗತಿಯೂ ಅದೇ. ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುತ್ತಿದ್ದರು — ವಿನ್ಯಾಸ ಮಾಡಿದವರು, ಕಂಬದ ಲೆಕ್ಕದವನು, ನೀರಿನ ಕೊಳವೆಯವರು, ಕರೆಂಟಿನವರು, ಗುತ್ತಿಗೆದಾರ, ಮೇಸ್ತ್ರಿ. ಅಡಿಯಲ್ಲಿ ದೀಪವಿದ್ದ ಗಾಜಿನ ಮೇಜು. ಅದರ ಮೇಲೆ ಒಂದು ನಕ್ಷೆ, ಅದರ ಮೇಲೆ ಇನ್ನೊಂದು — ಹೀಗೆ — ಒಂದರ ಮೈಮೇಲೆ ಒಂದು. ಎಲ್ಲಿ ಗೆರೆ ಗೆರೆಗೆ ಹೊಂದುವುದಿಲ್ಲವೋ ಅಲ್ಲಿ ಬೆರಳಿಟ್ಟು, "ಜಗಳ ಇಲ್ಲಿ ಮಲಗಿದೆ. ಈಗಲೇ ಎಬ್ಬಿಸೋಣ, ಇನ್ನೂ ಚಿಕ್ಕದು" ಎನ್ನುತ್ತಿದ್ದರು. ಒಮ್ಮೆ ಒಬ್ಬ ವಿನ್ಯಾಸಕರು ಬರೆದ ಬಾಗಿಲು ನಾನು ಬರೆದ ಕಂಬಕ್ಕೆ ಬಡಿಯುತ್ತಿತ್ತು. ಅವರು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಅಕ್ಕ ನನ್ನನ್ನು ಎಬ್ಬಿಸಿ ಕೋಣೆಯ ನಡುವೆ ನಿಲ್ಲಿಸಿದರು — ಹೀಗೆ, ಕೈಕಟ್ಟಿಕೊಂಡು. "ನೀನು ಕಂಬ, ಅಲ್ಲಾಡಬೇಡ" ಎಂದರು. ವಿನ್ಯಾಸಕರ ಕೈಗೆ ಒಂದು ದೊಡ್ಡ ರಟ್ಟು ಕೊಟ್ಟು, "ಇದು ಬಾಗಿಲು, ತೆಗೀರಿ ಸರ್" ಎಂದರು. ರಟ್ಟು ಬಂದು ನನ್ನ ಮೂಗಿಗೆ ಬಡಿಯಿತು. ಅಲ್ಲಿಗೆ ವಿವಾದ ಮುಗಿಯಿತು. ಮೂಗು ಮಾತ್ರ ಊದಿಕೊಂಡಿತು.

ಅಕ್ಕನ ಯಜಮಾನರು ದರ್ಜಿ. ಆ ಚಿಕ್ಕ ಅಂಗಡಿ ನಿಮಗೆಲ್ಲ ಗೊತ್ತು. ಸಂಜೆ ಕಚೇರಿ ಬಿಟ್ಟ ಮೇಲೆ ಅಕ್ಕ ಅಲ್ಲಿ ಸ್ಟೂಲಿನ ಮೇಲೆ ಕೂತು, ತಾವು ಬರೆದ ಒಂದೊಂದೇ ವಾಕ್ಯ ಓದುತ್ತಿದ್ದರು. ಇವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳುತ್ತಿದ್ದರು. ಅರ್ಥವಾಗದಿದ್ದರೆ ಒಂದು ಬೆರಳು ಎತ್ತುತ್ತಿದ್ದರು. ಬೆರಳು ಎದ್ದರೆ ಆ ವಾಕ್ಯ ಹೋಯಿತೆಂದೇ ಲೆಕ್ಕ. ‘ಸೂಕ್ತ’ ಎಂಬ ಪದ ಬಂದಾಗ ಸೂಜಿಗಳನ್ನೆಲ್ಲ ಉಗಿದು ಹೇಳಿದರಂತೆ, "ಗಿರಾಕಿ ಬಂದು ‘ಸೂಕ್ತವಾಗಿ ಹೊಲೀರಿ’ ಅಂದ್ರೆ ನಾನು ಕತ್ತರಿ ಮುಟ್ಟೋದೇ ಇಲ್ಲ ಕಣೇ." ಮರುದಿನದಿಂದ ನಮ್ಮ ಕಚೇರಿಯಲ್ಲಿ ‘ಸೂಕ್ತ’ ನಿಷೇಧ!

ಹೀಗೆ ವರ್ಷಗಳು ಕಳೆದವು. ಅಕ್ಕನ ಕೈ ದಾಟಿ ಹೋದ ಕೆಲಸಗಳಲ್ಲಿ ದೊಡ್ಡ ಜಗಳ ಏಳಲಿಲ್ಲ. ಏಳದ ಜಗಳ ಯಾರ ಕಣ್ಣಿಗೂ ಬೀಳುವುದಿಲ್ಲ ನೋಡಿ. ಬಿದ್ದ ಗೋಡೆಯನ್ನು ನೋಡಲು ಊರೇ ಬರುತ್ತದೆ. ನಿಂತ ಗೋಡೆಯನ್ನು ಯಾರು ತಿರುಗಿ ನೋಡುತ್ತಾರೆ?

ಎರಡು ವರ್ಷದ ಹಿಂದೆ ಆ ಹೆರಿಗೆ ಆಸ್ಪತ್ರೆಯನ್ನು ಪೂರ್ತಿ ಮಾಡಬೇಕೆಂದು ತೀರ್ಮಾನವಾಯಿತು. ಅದೇ ಹೊತ್ತಿಗೆ ಅಕ್ಕನಿಗೆ ಕಾಯಿಲೆ ಇರುವುದು ಗೊತ್ತಾಯಿತು. ಎಲ್ಲರೂ, "ರಜೆ ಹಾಕಿ" ಎಂದೆವು. ಅಕ್ಕ, "ಇದೊಂದು ಮುಗಿಸ್ತೀನಿ" ಎಂದರು. ಚಿಕಿತ್ಸೆಗೆ ಹೋಗಿ ಬಂದು, ತಲೆಗೆ ವಸ್ತ್ರ ಕಟ್ಟಿಕೊಂಡು, ಅದೇ ಮೇಜಿಗೆ ಬಂದು ಕೂರುತ್ತಿದ್ದರು.

ಹಳೆಯ ನಕ್ಷೆಗಳನ್ನೇ ತಿದ್ದಿ ಬೇಗ ಕಳಿಸಿ ಎಂದು ಮೇಲಿನಿಂದ ಒತ್ತಡ. ಅಕ್ಕ ಸಹಿ ಹಾಕಲಿಲ್ಲ. "ಜಾಗ ಮತ್ತೆ ಅಳೀಬೇಕು" ಎಂದರು. ದೊಡ್ಡ ಸಾಹೇಬರು — ಇಲ್ಲೇ ಇದ್ದಾರೆ, ಅವರೇ ಇದನ್ನು ಹೇಳು ಎಂದರು — ಆವತ್ತು ರೇಗಿಬಿಟ್ಟರು. "ಕೆಲಸ ಶುರುವಾದ್ಮೇಲೆ ನೋಡ್ಕೊಂಡ್ರಾಯ್ತು ಬಿಡಮ್ಮಾ!" ಎಂದರು. ಅಕ್ಕ ದನಿ ಏರಿಸಲಿಲ್ಲ. "ಶುರುವಾದ್ಮೇಲೆ ನೋಡ್ಕೊಳ್ಳೋಕೆ ನಾನಿರಲ್ಲ ಸರ್" ಎಂದರು.

ಸಾಹೇಬರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, "ಆಯ್ತು, ಅಳೆಸು" ಎಂದರು.

ಅಳೆಯುವ ದಿನ ಅಕ್ಕ ಹಳೆಯ ಗುತ್ತಿಗೆದಾರರ ಅಂಗಡಿಗೆ ಹೋದರು. ಕಟ್ಟುವ ಕೆಲಸ ಬಿಟ್ಟು ಅವರು ಮೊಳೆ, ಬಣ್ಣ ಮಾರುವ ಅಂಗಡಿ ಇಟ್ಟಿದ್ದರು. "ಬನ್ನಿ ಯಜಮಾನ್ರೇ, ಆವತ್ತು ಒಟ್ಟಿಗೆ ಕೂತು ನೋಡ್ಲಿಲ್ಲ ಅಂದ್ರಲ್ಲ, ಈಗ ನೋಡೋಣ." ಅವರು ಮೊದಲು ಒಪ್ಪಲಿಲ್ಲ. "ನನ್ ಪಾಲಿಗೆ ಆ ಕಟ್ಟಡ ಸತ್ತುಹೋಗಿದೆ ತಾಯಿ" ಎಂದರು. ಆಮೇಲೆ ಅಕ್ಕನ ತಲೆಯ ವಸ್ತ್ರದ ಕಡೆ ನೋಡಿದರೋ ಏನೋ — ಬಾಗಿಲೆಳೆದು ಹೊರಟೇಬಿಟ್ಟರು.

ಸರ್ವೆಯವರು ಯಂತ್ರ ನಿಲ್ಲಿಸಿ, ಗಿಡಗಂಟಿ ಸವರಿ, ಇಡೀ ಜಾಗದ ಏರುತಗ್ಗು ಅಳೆದರು. ಅಲ್ಲೇ ಕಲ್ಲಿನ ಮೇಲೆ ಹಾಳೆ ಹರಡಿ ಗೆರೆ ಹಾಕಿದಾಗ ತಿಳಿಯಿತು — ನೀರು ಹಿಂದಿನಿಂದ ಬರುತ್ತಲೇ ಇರಲಿಲ್ಲ. ಪಕ್ಕದ ರಸ್ತೆಯಿಂದ ಇಳಿದು, ಮೂಲೆಯಲ್ಲಿ ತಿರುಗಿ, ಅಡಿಪಾಯದ ಕೆಳಗೆ ನುಗ್ಗುತ್ತಿತ್ತು. ಹಿಂದೆ ಚರಂಡಿ ಇದ್ದಿದ್ದರೂ ಆ ಗೋಡೆ ಬೀಳುತ್ತಿತ್ತು. ಹೂದೋಟ ಇದ್ದಿದ್ದರೂ ಬೀಳುತ್ತಿತ್ತು. ನಮ್ಮ ಎರಡು ನಕ್ಷೆಗಳೂ ತಪ್ಪು!

ಗುತ್ತಿಗೆದಾರರು ಕಲ್ಲಿನ ರಾಶಿಯ ಮೇಲೆ ಕುಸಿದು ಕೂತರು. "ಹಂಗಾದ್ರೆ ಯಾತಕ್ಕೆ ಹೊಡೆದಾಡಿದ್ವಿ ತಾಯಿ ನಾವು?"

ಅಕ್ಕನ ಕಣ್ಣು ತುಂಬಿತ್ತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಾಯಿಲೆಗೆ ಅತ್ತವರಲ್ಲ. "ಗೊತ್ತಿಲ್ಲ ಯಜಮಾನ್ರೇ. ಇನ್ನೊಬ್ಬರು ಹೊಡೆದಾಡದ ಹಾಗೆ ಬರೆದಿಟ್ಟು ಹೋಗೋಣ" ಎಂದರು.

ಬರೆದರು. ಹೊಸ ನಕ್ಷೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಬಾಣದ ಗುರುತು ಹಾಕಿಸಿದರು. ಪಕ್ಕದ ಚರಂಡಿಯ ಆಳ, ಅಗಲ, ಇಳಿಜಾರು, ಕಟ್ಟುವವರು ಯಾರು, ಕಟ್ಟಿದ ಮೇಲೆ ಹೂಳು ತೆಗೆಯುವವರು ಯಾರು — ಎಲ್ಲವೂ ಅದರಲ್ಲಿತ್ತು. ಕೆಲಸ ಸುಸೂತ್ರವಾಗಿ ನಡೆಯಿತು. ಕಳೆದ ತಿಂಗಳು, ಕಟ್ಟಡಕ್ಕೆ ಬಣ್ಣ ಹೊಡೆಯುವ ಹೊತ್ತಿಗೆ, ಜೋರು ಮಳೆ ಬಂತು. ನಾನು ಓಡಿಹೋಗಿ ನೋಡಿದೆ. ನೀರು ಚರಂಡಿಯಲ್ಲಿ ತುಂಬಿ ಹರಿಯುತ್ತಿತ್ತು. ನೆಲಮಾಳಿಗೆ ಒಣಗಿತ್ತು. ಮೊಬೈಲಿನಲ್ಲಿ ಅದರ ವಿಡಿಯೋ ಹಿಡಿದುಕೊಂಡು ನೇರ ಅಕ್ಕ ಮಲಗಿದ್ದ ವಾರ್ಡಿಗೆ ಹೋದೆ.

ಮಾತು ಆಗಲೇ ಕ್ಷೀಣವಾಗಿತ್ತು. ಮಗಳು ದಿಂಬು ಎತ್ತರಿಸಿದಳು. ಅಕ್ಕ ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಹೊಗಳುತ್ತಾರೆ ಎಂದುಕೊಂಡು ನಾನು ಹಲ್ಲು ಕಿರಿಯುತ್ತ ನಿಂತಿದ್ದೆ.

"ಚರಂಡಿ ಮೇಲೆ ಜಾಲರಿ ಎಲ್ಲೋ ಕಂಬ? ಅಲ್ಲಿ ಬಾಣಂತೀರು ಓಡಾಡ್ತಾರೆ, ಚಿಕ್ಕ ಮಕ್ಕಳಿರ್ತಾವೆ."

ನಾನು ಹೊರಗೆ ಬಂದು ಹೊಸ ಗುತ್ತಿಗೆದಾರರಿಗೆ ಫೋನ್ ಮಾಡಿದೆ. ವಾದಕ್ಕೆ ಸಿದ್ಧನಾಗಿಯೇ ಮಾಡಿದೆ. ಅವರು, "ಹೌದು ಸಾರ್, ಡ್ರಾಯಿಂಗ್‌ನಲ್ಲಿದೆ. ಹಾಕೋದು ನಾನೇ ಅಂತಾನೂ ಇದೆ. ನಾಳೆ ಹಾಕಿಸ್ತೀನಿ" ಎಂದರು. ಅಷ್ಟೇ. ಮಾತು ಮುಗಿಯಿತು. ಇಷ್ಟು ವರ್ಷದ ನೌಕರಿಯಲ್ಲಿ ಇಷ್ಟು ಚಿಕ್ಕ ಮಾತುಕತೆ ನಾನು ಕೇಳಿರಲಿಲ್ಲ.

ಮರುದಿನ ಜಾಲರಿ ಕೂರಿಸಿದರು. ಹೇಳೋಣವೆಂದು ಹೋದೆ. ಅಕ್ಕನಿಗೆ ಆಗ ಪ್ರಜ್ಞೆ ಇರಲಿಲ್ಲ. ಯಜಮಾನರು ಬಗ್ಗಿ ಅವರ ಕಿವಿಯಲ್ಲಿ, "ಹಾಕಿದ್ರಂತೆ ಕಣೇ" ಎಂದರು. ಕೇಳಿಸಿತೋ ಇಲ್ಲವೋ. ನಮಗೆ ಗೊತ್ತಾಗಲಿಲ್ಲ.

ಇನ್ನೊಂದೇ ಮಾತು. ಊರಿನ ಜಗಳವನ್ನೆಲ್ಲ ತಡೆದ ಈ ಹೆಂಗಸು ಮನೆಯಲ್ಲಿ ಮಾತ್ರ ದಿನವೂ ಜಗಳವಾಡುತ್ತಿದ್ದರಂತೆ! ಇವತ್ತು ಬೆಳಿಗ್ಗೆ ಮನೆಗೆ ಹೋದಾಗ ಯಜಮಾನರೇ ಹೇಳಿದರು. ಮಲಗುವ ಕೋಣೆಯ ಕಿಟಕಿ ತೆರೆದಿರಬೇಕೆಂದು ಇವರು, ಮುಚ್ಚಿರಬೇಕೆಂದು ಅಕ್ಕ. ಮದುವೆಯಾದ ಹೊಸದರಲ್ಲಿ ಶುರುವಾದದ್ದು, ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

"ಈಗ ಕಿಟಕಿ ತೆಗೆದೇ ಇರುತ್ತೆ ನೋಡಪ್ಪಾ" ಎಂದರು. "ಮುಚ್ಚು ಅನ್ನೋರಿಲ್ಲ. ನಿನ್ನೆ ರಾತ್ರಿ ನಾನೇ ಎದ್ದು ಮುಚ್ಚಿದೆ. ಆಗ್ಲೂ ನಿದ್ದೆ ಬರ್ಲಿಲ್ಲ."

…ಕ್ಷಮಿಸಿ.

ನನ್ನಿಂದ ಇನ್ನು ಆಗುವುದಿಲ್ಲ. ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ವಯಸ್ಸಾದವರು ಕೂತೇ ಇರಿ. ಯಜಮಾನರೇ, ನೀವೂ ಕೂತಿರಿ — ಮಗು, ಅಪ್ಪನ ಕೈ ಹಿಡಿದುಕೋ. ಸ್ವಲ್ಪ ಹೊತ್ತು ಯಾರೂ ಮಾತನಾಡುವುದು ಬೇಡ.