ಎಡಗೈ ಗಂಟು

ಇದು ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ದೋಣಿಗಳಿಗೆ ಹಾಯಿ ಹೊಲಿಯುವವಳು. ಸೂಜಿ ಒತ್ತಿ ಒತ್ತಿ ಹೆಬ್ಬೆರಳು ಕಲ್ಲಾಗಿತ್ತು, ಮಾತೂ ಹಾಗೇ. ಆ ಊರು ಬಿಟ್ಟು ನನಗೆ ನಲವತ್ತು ವರ್ಷವಾಯಿತು. ಆದರೂ ದೀಪ ಆರಿಸಿದ ಮೇಲೆ ಇದು ನೆನಪಾಗದ ರಾತ್ರಿ ಇಲ್ಲ.

ಆ ದಿನ ಅವಳು ಅಂಗಡಿ ಮುಚ್ಚಿದಾಗ ಹನ್ನೊಂದು ದಾಟಿತ್ತು. ಹೊಸ ಹಾಯಿಯ ಕೊನೆಯ ಹೊಲಿಗೆ ಮುಗಿಸಿ, ಸುತ್ತಿ, ಹೆಗಲ ಮೇಲೆ ಹೊತ್ತು ಹೊರಟಳು. ಮನೆಗೆ ಹೋಗಲು ಬಾವಿಯ ಹತ್ತಿರ ಎಡಕ್ಕೆ ತಿರುಗಬೇಕು. ಅವಳು ಬಲಕ್ಕೆ ತಿರುಗಿದಳು... ಕಾಲುವೆಯ ಕಡೆಗೆ.

ಬಾವಿಕಟ್ಟೆಯ ಮೇಲೆ ಅವಳ ತಮ್ಮ ಕೂತಿದ್ದ.

"ಅಕ್ಕಾ..." ಪಿಸುಗುಟ್ಟಿದ. "ಒಬ್ಬಳೇ ದೋಣೀಲಿ ಹದಿನಾಲ್ಕು ದಿನ, ಸರೋವರದ ತನಕ? ತಲೆ ಕೆಟ್ಟಿದೆಯಾ?"

"ನೆಟ್ಟಗೇ ಇದೆ. ಬೆಳಿಗ್ಗೆ ಬಡಗಿ ಬಂದು ಅಪ್ಪನ ದೋಣಿ ಒಡೆದು ನಿನ್ನ ಹೆಂಡತಿಗೆ ಕಪಾಟು ಮಾಡ್ತಾನಲ್ಲ, ಅವನಿಗೆ ಟೀ ಕಾಯಿಸಿಕೊಡು ಹೋಗು. ದೋಣಿ ಇರಲ್ಲ, ಕೆಲಸ ಇಲ್ಲದೆ ಪಾಪ ಬೇಜಾರು ಮಾಡ್ಕೋತಾನೆ."

"ಅಪ್ಪ ಬಿಡಲ್ಲ ಅಕ್ಕಾ."

"ಅಪ್ಪ ಸತ್ತು ಮೂರು ವರ್ಷ ಆಯ್ತು ಕಣೋ."

"ಅದಕ್ಕೇ... ಹೇಳ್ತಿರೋದು."

ಅವಳು ನಿಲ್ಲಲಿಲ್ಲ. ಬದುಕಿದ್ದಷ್ಟು ದಿನ ಅಪ್ಪ ಅವಳನ್ನು ಮೊದಲ ಸೇತುವೆ ದಾಟಲು ಬಿಟ್ಟವನಲ್ಲ. ಹಾಯಿ ಹೊಲಿ, ಹಾಯಿ ಏರಿಸಬೇಡ... ಅದೊಂದೇ ಮಾತು.

ಕಾಲುವೆಯ ಮೇಲೆ ಗಾಳಿ ಎದ್ದಿತ್ತು. ಗೂಟದಿಂದ ಹಗ್ಗ ಬಿಚ್ಚಿದಳು. ದೋಣಿಗಿಳಿದು ಹಾಯಿ ಏರಿಸಿದಳು. ಪಟಪಟ... ಪಟ್! ಹಾಯಿ ತುಂಬಿತು. ದೋಣಿ ಕದಲಲಿಲ್ಲ.

ಕಿರ್ರ್... ಹಿಂದೆ ಹಗ್ಗ ಬಿಗಿದ ಸದ್ದು.

ತಿರುಗಿ ನೋಡಿದರೆ ಹಗ್ಗ ಗೂಟಕ್ಕೆ ಕಟ್ಟಿದೆ. ಗಂಟಿನ ಸುತ್ತು ತಿರುವುಮುರುವು. ಹಾಗೆ ಕಟ್ಟುತ್ತಿದ್ದವನು ಆ ದಡದಲ್ಲಿ ಒಬ್ಬನೇ. ಅವಳಪ್ಪ ಎಡಚ.

ಬಿಚ್ಚಿದಳು. ದೋಣಿಗೆ ಬಂದಳು. ಕಿರ್ರ್... ಅದೇ ಗಂಟು. ಮತ್ತೆ ಬಿಚ್ಚಿದಳು. ಮತ್ತೆ ಕಿರ್ರ್... ಹೆದರಿಕೆಗಿಂತ ಸಿಟ್ಟು ಹೆಚ್ಚಾಗಿ ದಡ ಹತ್ತಿದಳು. ಗೂಟದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಪ್ಪಾ," ಅಂದಳು ಮೆಲ್ಲಗೆ. "ಬೆಳಗಾಗೋ ತನಕ ಕಟ್ಟು. ಬೆಳಗಾಗೋ ತನಕ ನಾನೂ ಬಿಚ್ತೀನಿ. ಆಮೇಲೆ ಬಡಗಿ ಬರ್ತಾನೆ. ಕಟ್ಟೋಕೆ ನಿನಗೂ ದೋಣಿ ಇರಲ್ಲ, ಬಿಚ್ಚೋಕೆ ನನಗೂ ಇರಲ್ಲ. ಯೋಚನೆ ಮಾಡು."

ಯಾರೋ ನೀರಿನಿಂದ ಕಾಲು ಎತ್ತಿಟ್ಟ ಹಾಗೆ, ಗುಳಕ್.

ಗಂಟು ಬಿಚ್ಚಿದಳು. ಈ ಸಲ ಹಗ್ಗ ಸದ್ದು ಮಾಡಲಿಲ್ಲ. ಮೊದಲ ಸೇತುವೆಯ ಎತ್ತರದ ಕಮಾನು ಕಪ್ಪಗೆ ಮೇಲೆ ಹಾದುಹೋಯಿತು. ಅವಳು ತಲೆ ತಗ್ಗಿಸಲಿಲ್ಲ.

ಹದಿನಾಲ್ಕನೆಯ ರಾತ್ರಿ ಸರೋವರದ ಅಂಚಿನಲ್ಲಿ, ಚುಕ್ಕಾಣಿ ಹಿಡಿದಂತೆಯೇ ನಿದ್ದೆಹೋದಳು. ಹಗ್ಗ ಕಾಲಡಿಯಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ಎಚ್ಚರವಾದಾಗ ಬೆಳಕು ಹರಿದಿತ್ತು. ಯಾರೋ ಹಾಯಿ ಇಳಿಸಿ ಮಡಚಿಟ್ಟಿದ್ದರು. ದೋಣಿಯನ್ನು ಆಚೆ ದಡದ ಗೂಟಕ್ಕೆ ಕಟ್ಟಿದ್ದರು.

ಎಡಗೈ ಗಂಟು.

ಆ ಗಂಟನ್ನು ಮಾತ್ರ ಅವಳು ಬಿಚ್ಚಲಿಲ್ಲ. ಹಗ್ಗ ಕೊಯ್ದು, ಗಂಟನ್ನು ಹಾಗೇ ಗೂಟದಿಂದ ಜಾರಿಸಿ ತೆಗೆದುಕೊಂಡಳು. ಈಗಲೂ ಅದು ಅವಳ ಹೊಲಿಗೆ ಮೇಜಿನ ಪಕ್ಕದ ಮೊಳೆಯಲ್ಲಿ ತೂಗುತ್ತದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹೋದ ಬೇಸಿಗೆಯಲ್ಲಿ ಅಷ್ಟು ದೂರ ಹೋಗಿ ನಾನೇ ಮುಟ್ಟಿ ನೋಡಿದೆ. ಮಟಮಟ ಮಧ್ಯಾಹ್ನ...

ಒದ್ದೆಯಾಗಿತ್ತು.